ಕೈಮೇಲೆ ಕೈಯಿಡದೆ ಕುಂಬಾರಿಕೆ ಕಲಿಸಿದವರು ಯಾರಾದರೂ ಇದ್ದೀರಾ?

ಹೊಸತಿಗರಿ: ಒಂದೇ ಕೋಣೆ, ಎರಡು ಕಿಟಕಿ, ಆರು ತಿಗರಿ. ಕೊರೊನಾ ಪೂರ್ತಿ ಹೋಗಿಲ್ಲ, ಆದರೂ ಕ್ಲಾಸ್ ಮತ್ತೆ ಶುರು ಮಾಡಬೇಕು. ಮಣ್ಣನ್ನು ತಿಗರಿಯ ನಡುವಿಗೆ ತರುವುದನ್ನು ಕೈಮೇಲೆ ಕೈಯಿಟ್ಟೇ ಕಲಿಸುತ್ತಿದ್ದೆ. ಈಗ ದೂರ ನಿಂತು ಹೇಗೆ? ನಡೆಸಿದವರು ಅನುಭವ ಹೇಳಿ.

ಒದ್ದೆಸ್ಪಂಜು: ನನ್ನ ಕಥೆ ಕೇಳಿ. ಪ್ಲಾಸ್ಟಿಕ್, ಸ್ಟೀಲಿನ ಮೇಲೆ ವೈರಸ್ ಮೂರು ದಿನದವರೆಗೂ ಉಳಿಯಬಹುದು ಅಂತ 2020ರಲ್ಲಿ ಓದಿ ಹೆದರಿಬಿಟ್ಟೆ. ಒಬ್ಬರು ಮುಟ್ಟಿದ್ದನ್ನು 72 ಗಂಟೆ ಇನ್ನೊಬ್ಬರು ಮುಟ್ಟಬಾರದು ಅಂತ ಮೂರು ಸೆಟ್ ಉಪಕರಣ ಕೊಂಡೆ. ಸ್ಪಂಜು, ಕತ್ತರಿಸುವ ತಂತಿ, ಮರದ ಚಾಕು, ಒಂದೊಂದೂ ಹದಿನೆಂಟು. ಅದೂ ಸಾಲದು ಅಂತ ಬ್ಲೀಚ್ ನೀರಲ್ಲಿ ಅದ್ದಿದೆ. ತಂತಿ ತುಕ್ಕು ಹಿಡಿದು ತುಂಡಾಯಿತು. ಮರದ ಚಾಕು ಉಬ್ಬಿ ಬಿರಿಯಿತು. ಒಂದು ದಿನ ಕಪ್‌ಗಳಿಗೆ ಹಿಡಿ ಅಂಟಿಸಲು ಇಟ್ಟಿದ್ದ ವಿನೆಗರ್ ಅದೇ ಬಕೆಟ್‌ಗೆ ಚೆಲ್ಲಿತು. ಕ್ಲೋರಿನ್ ಎದ್ದು ಎಲ್ಲರೂ ಕೆಮ್ಮುತ್ತಾ ಆಚೆ ಓಡಿದೆವು. ಇದು ಆ ಕೆಮ್ಮಲ್ಲ ಅಂತ ಪಕ್ಕದ ಮನೆಯವರನ್ನು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಆಮೇಲೆ 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಏನಂತು? ಸೋಂಕಿರುವ ವಸ್ತು ಮುಟ್ಟಿ ಕಾಯಿಲೆ ಅಂಟುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಡಿಮೆಯಂತೆ. ಮೊದಲೇ ಹೇಳಬಾರದಿತ್ತಾ!

ಕಿಟಕಿತೆರೆ: ಬಕೆಟ್ ಬಿಡಿ, ಗಾಳಿ ನೋಡಿ ಅಂತ ನಾನು ಆಗಲೇ ಬಡಿದುಕೊಂಡಿದ್ದೆ. ಬಿಟ್ಟ ಉಸಿರು ಕೋಣೆಯಲ್ಲೇ ಎಷ್ಟು ಉಳಿದಿದೆ ಅಂತ ತಿಳಿಯಲು ಕಾರ್ಬನ್ ಡೈಆಕ್ಸೈಡ್ ಮೀಟರ್ ತಂದಿಟ್ಟೆ. ಹೊರಗೆ 420 ಪಿಪಿಎಂ (ಹತ್ತು ಲಕ್ಷಕ್ಕೆ 420 ಪಾಲು) ಆಸುಪಾಸು. ಕಿಟಕಿ ಮುಚ್ಚಿ ಆರು ಜನ ಕೂತರೆ ಮುಕ್ಕಾಲು ಗಂಟೆಗೆ 1,900. ಕಿಟಕಿ ತೆಗೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, ಜನರನ್ನು ನಾಲ್ಕಕ್ಕೆ ಇಳಿಸಿದ ಮೇಲೆ 800 ದಾಟಲಿಲ್ಲ. ಆದರೆ ಗಾಳಿ ಬಡಿದು ಕಪ್‌ಗಳೆಲ್ಲ ಒಂದೇ ಮಗ್ಗುಲು ಒಣಗಿದವು. 14ರಲ್ಲಿ 11ರ ಹಿಡಿ ಬಿರುಕು! ಆಮೇಲೆ ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಸುವುದೇ ನನ್ನ ಕೆಲಸವಾಯಿತು.

ಒಣಧೂಳು: ಫ್ಯಾನಾ? ಒಣಮಣ್ಣಿನ ಧೂಳಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತೆ ಸ್ವಾಮಿ. ವೈರಸ್ ಓಡಿಸಲು ಹೋಗಿ ಎಲ್ಲರ ಎದೆಗೂ ಧೂಳು ತುಂಬುತ್ತೀರಿ. ನಾನಂತೂ ಎನ್95 ಇಲ್ಲದವರನ್ನು ಬಾಗಿಲಿಂದಲೇ ವಾಪಸ್ ಕಳಿಸುತ್ತಿದ್ದೆ. ಮೂವರು ಬಿಟ್ಟೇ ಹೋದರು. ಹೋಗಲಿ.

ಕಿಟಕಿತೆರೆ: ಒಣಗಿದ ನೆಲ ಗುಡಿಸ್ತೀನಿ ಅಂತ ಎಲ್ಲಿ ಬರೆದೆ? ಕ್ಲಾಸ್ ಮುಗಿದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ನಿಮ್ಮ ಫೋಟೋದಲ್ಲಿರೋದು ವಾಲ್ವ್ ಇರೋ ಮಾಸ್ಕ್ ಅಲ್ವಾ? ನಿಮ್ಮ ಉಸಿರು ಸೋಸದೆ ನೇರ ಎದುರಿದ್ದವರ ಮುಖಕ್ಕೆ.

ಒಣಧೂಳು: ಅದು 2019ರ ಫೋಟೋ ರೀ! ಸುಮ್ನೆ ಏನೋ ಒಂದು ಹುಡುಕಬೇಡಿ.

ಬೆಸುಗೆಕಡ್ಡಿ: ಮಣ್ಣಿನವರ ಜಗಳ ಮಣ್ಣಿನವರಿಗೇ ಇರಲಿ. ನಾನು ಬೆಳ್ಳಿ ಒಡವೆ ಮಾಡುವುದನ್ನು ಕಲಿಸುತ್ತೇನೆ. ಒಬ್ಬಳು ಕೈಗೆ ಸ್ಯಾನಿಟೈಸರ್ ಸವರಿಕೊಂಡು, ಆರುವ ಮೊದಲೇ ಬೆಸುಗೆ ಹಾಕುವ ಬೆಂಕಿಯ ಟಾರ್ಚ್ ಹೊತ್ತಿಸಿದಳು. ಬೆರಳಿಗೆ ಬೆಂಕಿ ಹತ್ತಿತು. ಆ ಉರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಅವತ್ತೇ ಬಾಟಲಿ ಆಚೆ ಹೋಯಿತು, ಒಳಗೆ ಸೋಪು ನೀರು ಮಾತ್ರ. ಆಮೇಲೆ ಎಲ್ಲಾ ಆನ್‌ಲೈನ್. ಬೆಸುಗೆ ಕರಗಿ ಹರಿಯುವ ಗಳಿಗೆಯ ಹೊಳಪನ್ನು ಕಣ್ಣಾರೆ ನೋಡಬೇಕು. ಉರಿ ಕಂಡ ಕೂಡಲೇ ಕ್ಯಾಮೆರಾ ತಾನೇ ಬೆಳಕು ತಗ್ಗಿಸುತ್ತೆ, ಪರದೆ ಕಪ್ಪು. ಹಾಗೆ ತಗ್ಗಿಸದಂತೆ ಎಕ್ಸ್‌ಪೋಷರ್ ಲಾಕ್ ಮಾಡಬೇಕು ಅಂತ ತಿಳಿಯಲು ಐದು ಕ್ಲಾಸ್ ಹಾಳಾದವು. ಅರ್ಧ ಫೀಸು ವಾಪಸ್ ಕೊಟ್ಟೆ.

ಒದ್ದೆಸ್ಪಂಜು: ಅರ್ಧಾನಾ? ನಾನು ಪೂರ್ತಿ ಕೊಟ್ಟೆ.

ಬೆಸುಗೆಕಡ್ಡಿ: ನನ್ನ ಬೆಳ್ಳಿ ಅವರ ಹತ್ತಿರವೇ ಉಳಿಯಿತು. ನಿಮ್ಮ ಮಣ್ಣು ನೆನೆಸಿದರೆ ಮತ್ತೆ ಮಣ್ಣೇ. ಹೋಲಿಸಬೇಡಿ.

ಹೊಸತಿಗರಿ: ಕೈಮೇಲೆ ಕೈಯಿಡುವ ವಿಚಾರ ಯಾರೂ ಹೇಳಲಿಲ್ಲ...

ಕಿಟಕಿತೆರೆ: ಇಡಲೇ ಇಲ್ಲ ನಾನು. ಕಿಟಕಿ ಪಕ್ಕದ ತಿಗರಿಯಲ್ಲಿ ಕೂತು ತೋರಿಸಿದೆ. ಎಡ ಮೊಣಕೈ ತೊಡೆಗೆ ಒತ್ತಿ, ಕಣ್ಣು ಮುಚ್ಚಿ, ಮಣ್ಣು ನಡುವಿಗೆ ಬಂದು ಕೈ ಅಲ್ಲಾಡೋದು ನಿಂತಾಗ ಹೇಳಿ ಅಂತ ಕೂಗುತ್ತಿದ್ದೆ. ಮೊದಲು ಎರಡನೇ ಕ್ಲಾಸಿಗೇ ಬರುತ್ತಿತ್ತು, ಆಗ ಮೂರು ವಾರ ಹಿಡಿಯಿತು.

ಒಣಧೂಳು: ಆ ಫ್ಯಾನ್ ಸದ್ದಲ್ಲಿ, ಮಾಸ್ಕ್ ಒಳಗಿಂದ ಕೂಗಿದ್ದು ಅವರಿಗೆ ಕೇಳಿಸಿರಲ್ಲ ಬಿಡಿ.