ಆಲಿಕಲ್ಲು ಕ್ಲೇಮು: ಹೆಸರಿನ ಪಕ್ಕ ‘ಸಿಸಿಎಂ’ ಇದ್ದರೆ ನಂಬಬಹುದಾ?

ಪ್ಲೇನೋ_ಕನ್ನಡತಿ:
ನಾವಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ ಪ್ಲೇನೋದಲ್ಲಿ. ಮೇ ತಿಂಗಳಲ್ಲಿ ಒಂದು ಮಂಗಳವಾರ ರಾತ್ರಿ, ಊಟಕ್ಕೆ ಕೂತಿದ್ದೆವು, ಎಂಟೂವರೆ ದಾಟಿತ್ತು, ಆಲಿಕಲ್ಲು ಸುರಿಯಿತು ನೋಡಿ, ಮಾತಾಡಿದ್ದು ಕೇಳಿಸದಷ್ಟು. ಒಂದೊಂದು ನಿಂಬೆಹಣ್ಣಿನಷ್ಟಿತ್ತು. ಐದಾರು ಹೆಕ್ಕಿ ಫ್ರೀಜರಿನಲ್ಲಿಟ್ಟಿದ್ದೇನೆ. ಚಾವಣಿಯ ಶಿಂಗಲ್ಸ್, ಅಂದರೆ ಹೆಂಚಿನಂಥ ಹೊದಿಕೆ, ಹಾಳಾಗಿದೆ, ಗಟರ್ ತುಂಬ ಅದರ ಕಪ್ಪು ಪುಡಿ. ಇನ್ಶೂರೆನ್ಸ್‌ನವರು ಮಾತ್ರ ಎರಡು ಪುಟದ ರಿಪೋರ್ಟ್ ಕಳಿಸಿ, ಮಂಗಳವಾರ ನಿಮ್ಮ ವಿಳಾಸದಲ್ಲಿ ಆಲಿಕಲ್ಲು ಬಿದ್ದೇ ಇಲ್ಲ ಅಂತ ಕ್ಲೇಮು ತಳ್ಳಿಹಾಕಿದ್ದಾರೆ. ನಮ್ಮ ಲಾಯರು ಒಬ್ಬ ಹವಾಮಾನ ಕನ್ಸಲ್ಟೆಂಟ್ ಹೆಸರು ಕೊಟ್ಟರು. ಹೆಸರಿನ ಪಕ್ಕ ಸಿಸಿಎಂ ಅಂತಿದೆ, 30 ವರ್ಷದ ಅನುಭವವಂತೆ, ಗಂಟೆ ಲೆಕ್ಕದಲ್ಲಿ ಫೀಸು. ಇದು ನಿಜವಾದ ಅರ್ಹತೆನಾ, ಅಥವಾ ದುಡ್ಡು ಕಟ್ಟಿದರೆ ಸಿಗುವ ಸರ್ಟಿಫಿಕೇಟಾ?

ಗಾಳಿಮಾತಲ್ಲ:
ನಿಜವಾದದ್ದೇ ಮೇಡಂ. ನಾನು ಓಕ್ಲಹೋಮಾದಲ್ಲಿ ಇದೇ ಕೆಲಸದಲ್ಲಿದ್ದೇನೆ, ಆದರೆ ನನಗಿನ್ನೂ ಸಿಸಿಎಂ ಆಗಿಲ್ಲ, ಹಾಗಾಗಿ ಹೊಟ್ಟೆಕಿಚ್ಚಿಲ್ಲದೆ ಹೇಳ್ತೀನಿ ಅಂದ್ಕೊಳ್ಳಿ. ‘ಸರ್ಟಿಫೈಡ್ ಕನ್ಸಲ್ಟಿಂಗ್ ಮೀಟಿಯೊರಾಲಜಿಸ್ಟ್’ ಅಂತ ಪೂರ್ತಿ ಹೆಸರು. 1919ರಲ್ಲಿ ಶುರುವಾದ ಅಮೆರಿಕನ್ ಮೀಟಿಯೊರಲಾಜಿಕಲ್ ಸೊಸೈಟಿ ಇದನ್ನು 1957ರಿಂದ ಕೊಡುತ್ತಿದೆ. ಡಿಗ್ರಿ ಇರಬೇಕು, ಕನಿಷ್ಠ ಐದು ವರ್ಷ ಈ ಕೆಲಸ ಮಾಡಿರಬೇಕು. ಆಮೇಲೆ ಲಿಖಿತ ಪರೀಕ್ಷೆ, ಸ್ವಂತ ಬರೆದ ಒಂದು ರಿಪೋರ್ಟ್, ಕೊನೆಗೆ ಹಿರಿಯ ಸಿಸಿಎಂಗಳ ಮುಂದೆ ಮೌಖಿಕ ಪರೀಕ್ಷೆ. ಬೆವರಿಳಿಯೋದು ಈ ಕೊನೆಯದರಲ್ಲೇ. ಜ್ಞಾನ, ಅನುಭವದ ಜೊತೆಗೆ ನಡತೆಯನ್ನೂ ನೋಡುತ್ತಾರೆ.

ಟಿವಿಯಲ್ಲಿ ಹವಾಮಾನ ಹೇಳುವವರದ್ದು ಸಿಬಿಎಂ (ಸರ್ಟಿಫೈಡ್ ಬ್ರಾಡ್‌ಕಾಸ್ಟ್ ಮೀಟಿಯೊರಾಲಜಿಸ್ಟ್), ಅದು ಬೇರೆ. ಎರಡನ್ನೂ ಕಲಸಬೇಡಿ.

ಆದರೆ ಇದು ಲೈಸೆನ್ಸ್ ಅಲ್ಲ. ಇಂಜಿನಿಯರ್‌ಗೆ ಇರುವ ಹಾಗೆ ರಾಜ್ಯ ಸರ್ಕಾರದ ಲೈಸೆನ್ಸ್ ಈ ಕೆಲಸಕ್ಕಿಲ್ಲ, ನಾಳೆ ಬೆಳಿಗ್ಗೆ ನೀವೂ ಬೋರ್ಡು ಹಾಕಿಕೊಂಡು ಕೂತರೆ ಯಾರೂ ಕೇಳಲ್ಲ. ಅದಕ್ಕೇ ಈ ಮೂರಕ್ಷರಕ್ಕೆ ಬೆಲೆ. 30 ವರ್ಷ ಅಂದಿದ್ದಾರಲ್ಲ, ಎಲ್ಲಿ ಕಳೆದದ್ದು ಅಂತ ಕೇಳಿ. ಏರ್‌ಫೋರ್ಸಲ್ಲೋ ನ್ಯಾಷನಲ್ ವೆದರ್ ಸರ್ವಿಸ್‌ನಲ್ಲೋ ಫೋರ್‌ಕಾಸ್ಟ್ ಮಾಡಿ ಬಂದವರು ತುಂಬ ಜನ ಇದ್ದಾರೆ, ಒಳ್ಳೆಯವರೇ. ಆದರೆ ನಾಳೆಯ ಮಳೆ ಹೇಳುವುದು ಬೇರೆ, ಹೋದ ತಿಂಗಳ ಮಳೆಯನ್ನು ಒಂದು ಮನೆಯ ಮಟ್ಟಕ್ಕೆ ರುಜುವಾತು ಮಾಡುವುದು ಬೇರೆ. ಡೆಪೊಸಿಷನ್ನಿನಲ್ಲಿ, ಅಂದರೆ ವಿಚಾರಣೆಗೆ ಮುಂಚೆ ಪ್ರಮಾಣ ಮಾಡಿ ಹೇಳಿಕೆ ಕೊಡೋಕೆ, ಎಷ್ಟು ಸಲ ಕೂತಿದ್ದಾರೆ, ಮನೆಯವರ ಪರ ಮತ್ತು ಇನ್ಶೂರೆನ್ಸ್ ಪರ ಎರಡೂ ಕೆಲಸ ಮಾಡಿದ್ದಾರಾ, ಒಂದು ಹಳೇ ರಿಪೋರ್ಟ್ ತೋರಿಸ್ತಾರಾ? ಕೇಸು ಗೆದ್ದರೆ ಇಷ್ಟು ಪರ್ಸೆಂಟ್ ಕೊಡಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ಬಸವನಗುಡಿ_ಬಿಸಿಲು:
ರೇಡಾರ್ ಚಿತ್ರ ಎಲ್ಲಾ ನೆಟ್‌ನಲ್ಲಿ ಫ್ರೀಯಾಗಿ ಸಿಗುತ್ತಲ್ವಾ, ಸುಮ್ನೆ ಯಾಕೆ ದುಡ್ಡು? ಸ್ಕ್ರೀನ್‌ಶಾಟ್ ತೆಗೆದು ಕಳಿಸಿ.

ಗಾಳಿಮಾತಲ್ಲ:
ಚಿತ್ರ ಫ್ರೀ ಸರ್, ಓದೋದು ಫ್ರೀ ಅಲ್ಲ. ರೇಡಾರ್ ಕಿರಣ ನೆಲಕ್ಕೆ ಸಮನಾಗಿ ಹೋಗಲ್ಲ. ಅರ್ಧ ಡಿಗ್ರಿ ಮೇಲೆತ್ತಿ ಬಿಟ್ಟಿದ್ದು, ಭೂಮಿ ಬೇರೆ ಗುಂಡಗಿದೆ, 100 ಕಿ.ಮೀ. ದೂರ ಹೋಗುವಷ್ಟರಲ್ಲಿ ಸುಮಾರು ಒಂದೂವರೆ ಕಿ.ಮೀ. ಎತ್ತರಕ್ಕೇರಿರುತ್ತದೆ. ಅಲ್ಲಿ ಕಂಡ ಆಲಿಕಲ್ಲು ಕೆಳಗೆ ಬರುವಾಗ ಕರಗಬಹುದು, ಗಾಳಿಗೆ ಪಕ್ಕದ ಬೀದಿಗೂ ಹೋಗಬಹುದು. ಕೋರ್ಟಿಗೆ ಸ್ಕ್ರೀನ್‌ಶಾಟ್ ಸಾಲುವುದಿಲ್ಲ. ನಾರ್ತ್ ಕ್ಯಾರೊಲೈನಾದ ಆಶ್‌ವಿಲ್‌ನಲ್ಲಿ ಸರ್ಕಾರದ ಹವಾಮಾನ ದಾಖಲೆಗಳ ಕಚೇರಿ ಇದೆ, ಅಲ್ಲಿಂದ ಸರ್ಟಿಫೈಡ್ ಪ್ರತಿ ತರಿಸುತ್ತಾರೆ.

ಮೇಡಂ, ಒಂದು ಕೆಲಸ ಮಾಡಿ. ಆ ಎರಡು ಪುಟದಲ್ಲಿ ಸಮಯದ ಪಕ್ಕ ‘ಝಡ್’ ಅಕ್ಷರ ಇದೆಯಾ ನೋಡಿ. ರೇಡಾರ್ ಫೈಲುಗಳ ಗಡಿಯಾರ ಟೆಕ್ಸಾಸ್‌ದಲ್ಲ, ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ; ‘ಝಡ್’ ಅದರ ಗುರುತು. ಬೇಸಿಗೆಯಲ್ಲಿ ನಿಮಗಿಂತ ಐದು ಗಂಟೆ ಮುಂದೆ.

ಹಾವೇರಿ_ಹುಡುಗ:
ನಾನು ಎಂ.ಎಸ್ಸಿ. ಮಾಡ್ತಿದ್ದೀನಿ. ನಮ್ಮಲ್ಲಿ ಬೆಳೆ ವಿಮೆಗೂ ಮಳೆ ಲೆಕ್ಕವೇ ತಾನೆ, ಇಂಡಿಯಾದಲ್ಲಿ ಇಂಥ ಕನ್ಸಲ್ಟೆಂಟ್ ಆಗಬಹುದಾ?

ಗಾಳಿಮಾತಲ್ಲ:
ಕೆಲಸ ಇದೆ ತಮ್ಮ, ಖಾಸಗಿ ಹವಾಮಾನ ಕಂಪನಿಗಳೂ ಇವೆ. ಹವಾಮಾನ ಇಲಾಖೆಯ ಹಳೆಯ ದಾಖಲೆ ಬೇಕಾದರೆ ಪುಣೆಯಲ್ಲಿ ಅವರ ಡೇಟಾ ಸೆಂಟರ್ ಇದೆ. ಕರ್ನಾಟಕದಲ್ಲಂತೂ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಮೊದಲು ಆ ಅಂಕಿಗಳನ್ನು ಓದೋದು ಕಲಿ, ಮಳೆಮಾಪಕದ ಪಕ್ಕ ಮರ ಬೆಳೆದಿದ್ದರೆ ಅಂಕಿ ಹೇಗೆ ತಪ್ಪುತ್ತೆ ಅಂತ ಹೋಗಿ ನೋಡು. ಅಕ್ಷರಗಳು ಆಮೇಲೆ ಬರಲಿ.

ಪ್ಲೇನೋ_ಕನ್ನಡತಿ:
ಅಯ್ಯೋ ದೇವರೇ! ಇದೆ ಸರ್. ಎರಡನೇ ಪುಟದ ಕೊನೇ ಸಾಲು, ಸಣ್ಣ ಅಕ್ಷರದಲ್ಲಿ, ಬುಧವಾರ 0142 ಝಡ್, ಆಲಿಕಲ್ಲು ಒಂದೂಮುಕ್ಕಾಲು ಇಂಚು. ಅಂದರೆ ನಮ್ಮ ಮಂಗಳವಾರ ರಾತ್ರಿ 8:42! ಕ್ಲೇಮು ಪರಿಶೀಲಿಸಿದ ಇನ್ಶೂರೆನ್ಸ್ ಅಡ್ಜಸ್ಟರ್ ಅದನ್ನು ಬುಧವಾರ ಅಂತಲೇ ಓದಿದ್ದಾರೆ. ಇಷ್ಟಕ್ಕೂ ಕನ್ಸಲ್ಟೆಂಟ್ ಬೇಕಾ ಇನ್ನು?

ಗಾಳಿಮಾತಲ್ಲ:
ಮೊದಲು ಇದನ್ನೇ ಬರೆದು ಮರುಪರಿಶೀಲನೆ ಕೇಳಿ, ಒಪ್ಪದಿದ್ದರೆ ಆ ಕನ್ಸಲ್ಟೆಂಟನ್ನು ಹಿಡಿಯಿರಿ. ಮತ್ತೆ ಆ ಫ್ರೀಜರಿನ ಕಲ್ಲುಗಳು, ಪಕ್ಕದಲ್ಲಿ ಸ್ಕೇಲ್ ಇಟ್ಟು ಇವತ್ತೇ ಫೋಟೋ ತೆಗೀರಿ. ಫ್ರೀಜರಿನಲ್ಲಿದ್ದರೂ ಐಸು ನಿಧಾನವಾಗಿ ಸವೆಯುತ್ತದೆ.

ಪ್ಲೇನೋ_ಕನ್ನಡತಿ:
ತೆಗೆದೆ. ನಿಂಬೆಹಣ್ಣು ಈಗ ಗೋಲಿ ಆಗೋಕೆ ಹೊರಟಿದೆ.