1986ರ ಷೆವ್ರೊಲೆ ಕ್ಯಾಮರೋ ಕಾರಿನ ಡ್ರ್ಯಾಗ್ ರೇಸ್‌ಗೆ ಯಾವ ಹಿಂದಿನ ಆಕ್ಸಲ್?

ಪ್ರಶ್ನೆ: ಗಾಡಿ 1,500 ಕೆಜಿ, ಟಾರ್ಕ್ 600 ನ್ಯೂಟನ್ ಮೀಟರ್, ಟರ್ಬೊ 400 ಗೇರ್‌ಬಾಕ್ಸ್, ಸ್ಲಿಕ್ (ಗೆರೆಯಿಲ್ಲದ ರೇಸ್) ಟೈರ್. ಗುರಿ ಕಾಲು ಮೈಲಿಗೆ 10.9 ಸೆಕೆಂಡು. ಕಂಪನಿಯಿಂದಲೇ ಬಂದ 10 ಬೋಲ್ಟ್ ಆಕ್ಸಲ್ ಸಾಕಾ?

ಉತ್ತರ 1: ಸಾಲಲ್ಲ ಸರ್. ಲೆಕ್ಕ ಹಾಕಿ: ಫಸ್ಟ್ ಗೇರ್ 2.48, ಟಾರ್ಕ್ ಕನ್ವರ್ಟರ್‌ನಿಂದ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಭಾಗ) ಸುಮಾರು 2 ಪಟ್ಟು, ಅಂದ್ರೆ ಪಿನಿಯನ್ (ಆಕ್ಸಲ್‌ನ ದೊಡ್ಡ ರಿಂಗ್ ಗೇರ್ ತಿರುಗಿಸೋ ಚಿಕ್ಕ ಗೇರ್) ಮೇಲೆ ಸುಮಾರು 3,000 ನ್ಯೂಟನ್ ಮೀಟರ್. ಆಕ್ಸಲ್‌ನಲ್ಲಿ 4.11 ಅನುಪಾತದ ಗೇರ್ ಹಾಕಿದ್ರೆ ಆಕ್ಸಲ್‌ಗಳಿಗೆ 12,000. ಟೈರ್ ಜಾರದಿದ್ರೆ ಇಷ್ಟೂ ಒಂದೇ ಏಟಿಗೆ ಬೀಳುತ್ತೆ. 10 ಬೋಲ್ಟ್‌ನ 7.5 ಇಂಚಿನ ರಿಂಗ್ ಗೇರ್ ಪಿನಿಯನ್‌ನಿಂದ ದೂರ ಬಾಗಿ, ಹಲ್ಲಿನ ತುದಿಯಷ್ಟೇ ಕಚ್ಚಿ ಮುರಿಯುತ್ತೆ. ಫೋರ್ಡ್ 9 ಇಂಚು ಆಕ್ಸಲ್ ತಗೊಳ್ಳಿ. ಅದರಲ್ಲಿ ಪಿನಿಯನ್‌ನ ತುದಿಗೂ ಒಂದು ಬೇರಿಂಗ್ ಇದೆ, ಅದೇ ಅದರ ಜೀವಾಳ. ನೋಡ್ಯುಲರ್ (ಗಟ್ಟಿ ಎರಕದ ಕಬ್ಬಿಣ) ಕೇಸ್, 35 ಸ್ಪ್ಲೈನ್ (ತುದಿಯಲ್ಲಿ 35 ಹಲ್ಲಿನ) ಆಕ್ಸಲ್, ಸ್ಪೂಲ್ (ಎರಡೂ ಚಕ್ರ ಒಟ್ಟಿಗೇ ತಿರುಗಿಸೋ ಭಾಗ) ಹಾಕಿಸಿ.

ಉತ್ತರ 2: 10 ಬೋಲ್ಟ್‌ನಲ್ಲಿ ಆಕ್ಸಲ್ ಹಿಡಿದಿಡೋ ಸಿ-ಕ್ಲಿಪ್ ಮರೀಬೇಡಿ! ಆಕ್ಸಲ್ ತುಂಡಾದ್ರೆ ಚಕ್ರವೇ ಹೊರಗೆ ಬರುತ್ತೆ. 10.99 ಸೆಕೆಂಡು ಅಥವಾ ಅದಕ್ಕಿಂತ ವೇಗ ಅಂದ್ರೆ ಎನ್‌ಎಚ್‌ಆರ್‌ಎ (ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ) ನಿಯಮವೂ ಅದನ್ನ ಒಪ್ಪಲ್ಲ. 9 ಇಂಚಿನಲ್ಲಿ ಆ ಕ್ಲಿಪ್ಪೇ ಇಲ್ಲ. ಆದ್ರೆ ಪಿನಿಯನ್ ಕೆಳಗಿರೋದ್ರಿಂದ ಹಲ್ಲು ಜಾಸ್ತಿ ಉಜ್ಜಿ, ಜಿಎಂನ 12 ಬೋಲ್ಟ್ ಆಕ್ಸಲ್‌ಗಿಂತ ಸ್ವಲ್ಪ ಪವರ್ ತಿನ್ನುತ್ತೆ.

ಉತ್ತರ 3: ಹೌಸಿಂಗ್ (ಆಕ್ಸಲ್‌ನ ಹೊರಕವಚ) ಆರ್ಡರ್ ಮಾಡುವಾಗ ಟಾರ್ಕ್ ಆರ್ಮ್ (ಆಕ್ಸಲ್ ತಿರುಚದಂತೆ ತಡೆಯೋ ಉದ್ದ ತೋಳು) ಮೌಂಟ್ ಇರೋದನ್ನೇ ಕೇಳಿ. ಈ ಕ್ಯಾಮರೋನ ಕಂಪನಿ ಸಸ್ಪೆನ್ಶನ್‌ಗೆ ಅದಿಲ್ಲದೆ ಕೂರಲ್ಲ.