‘ನಿಶ್ಶಬ್ದ ಕೋಣೆ’ ಎಂದರೆ ಯಾವುದು? ಇಎಂಸಿ ಪರೀಕ್ಷಾ ಕೋಣೆಯ ಪದಗಳು

ಪ್ರಶ್ನೆ: ಇಎಂಸಿ ಪರೀಕ್ಷೆಯ (ವಿದ್ಯುತ್ ಉಪಕರಣ ಹೊಮ್ಮಿಸುವ ಅಲೆ ಬೇರೆಯವಕ್ಕೆ ಅಡ್ಡಿಯಾಗದೆಂದೂ, ಹೊರಗಿನ ಅಲೆಯಿಂದ ಅದು ಕೆಡದೆಂದೂ ನೋಡುವ ಪರೀಕ್ಷೆ) ಕೋಣೆ ಕಟ್ಟುವ ಕುರಿತ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಶೀಲ್ಡೆಡ್ ರೂಮ್’, ‘ಅನೆಕೋಯಿಕ್ ಚೇಂಬರ್’ ಎರಡಕ್ಕೂ ‘ನಿಶ್ಶಬ್ದ ಕೋಣೆ’ ಎಂದಿದೆ. ‘ಸೆಮಿ ಅನೆಕೋಯಿಕ್’ ‘ಅರೆನಿಶ್ಶಬ್ದ’ವಾಗಿದೆ. ‘ಗ್ರೌಂಡ್’ ಬಂದಲ್ಲೆಲ್ಲ ‘ನೆಲ’, ‘ಪೇರೆಂಟ್ ರೂಮ್’ ಎಂದರೆ ‘ಪೋಷಕ ಕೋಣೆ’. ಇವನ್ನು ಹೀಗೇ ಬಿಡಬಹುದೇ? ಬಲ್ಲವರು ತಿಳಿಸಬೇಕು.

ಉತ್ತರ: ಬಿಡಬಾರದು. ಮೊದಲಿನೆರಡು ಬೇರೆಬೇರೆ ಕೆಲಸ: ‘ಶೀಲ್ಡೆಡ್’ ಎಂದರೆ ಅಲೆ ತಡೆಯುವುದು, ‘ಅನೆಕೋಯಿಕ್’ ಎಂದರೆ ಅಲೆ ಹೀರುವುದು. ತಡೆಯುವುದು ಉಕ್ಕಿನ ತಗಡಿನ ಗೋಡೆ. ಹೊರಗಿನ ರೇಡಿಯೊ, ಮೊಬೈಲ್ ಅಲೆ ಒಳಬರಬಾರದು, ಪರೀಕ್ಷೆಗೆಂದು ಒಳಗೆ ಎಬ್ಬಿಸಿದ ಕ್ಷೇತ್ರ ಹೊರಹೋಗಬಾರದು. 100 ಡೆಸಿಬೆಲ್ ತಡೆ ಎಂದರೆ ಕ್ಷೇತ್ರದ ಬಲ ಲಕ್ಷದಲ್ಲೊಂದು ಪಾಲಿಗೆ ಇಳಿಯಬೇಕು. ಆದರೆ ಬರಿಯ ತಗಡಿನ ಕೋಣೆಯಲ್ಲಿ ಅಲೆ ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುತ್ತದೆ. ಆಂಟೆನಾ ತುಸು ಸರಿದರೂ ಅಳತೆ ಬದಲು. ಅದನ್ನು ಹೀರಲು ಫೆರೈಟ್ (ಕಬ್ಬಿಣದ ಆಕ್ಸೈಡಿನ ಕಾಂತಗುಣದ ಪಿಂಗಾಣಿ) ಬಿಲ್ಲೆ, ಅದರ ಮೇಲೆ ಇಂಗಾಲ ಬೆರೆತ ಫೋಮಿನ ಪಿರಮಿಡ್. 30 ಮೆಗಾಹರ್ಟ್ಸ್‌ನಿಂದ ಸುಮಾರು 1 ಗಿಗಾಹರ್ಟ್ಸ್‌ವರೆಗೆ ಫೆರೈಟ್, ಅಲ್ಲಿಂದಾಚೆ ಫೋಮ್. 30 ಮೆಗಾಹರ್ಟ್ಸ್‌ನಲ್ಲಿ ಅಲೆಯುದ್ದವೇ 10 ಮೀಟರ್, ಬರೀ ಫೋಮಿನಿಂದ ಹೀರಿಸಹೊರಟರೆ ಪಿರಮಿಡ್ಡುಗಳೇ ಕೋಣೆ ತುಂಬುತ್ತವೆ. ಆದ್ದರಿಂದ ‘ಶೀಲ್ಡೆಡ್ ರೂಮ್’ಗೆ ‘ತಡೆಕೋಣೆ’, ‘ಅನೆಕೋಯಿಕ್ ಚೇಂಬರ್’ಗೆ ‘ಮಾರ್ದನಿಯಿಲ್ಲದ ಕೋಣೆ’ ಎನ್ನಿ. ಮಾರ್ದನಿ ದನಿಯ ಪದ, ನಿಜ. ಮೂಲದ ಪದವೂ ಧ್ವನಿವಿಜ್ಞಾನದಿಂದಲೇ ಎರವಲು ಬಂದದ್ದು.

‘ಅರೆನಿಶ್ಶಬ್ದ’ ಎಂದು ಓದಿದವರು ಅರ್ಧ ಹೀರುಬಿಲ್ಲೆ ಸಾಕೆಂದುಕೊಳ್ಳುತ್ತಾರೆ. ನಿಜದಲ್ಲಿ ಗೋಡೆ, ಮಾಡು ಪೂರ್ತಿ ಮುಚ್ಚಿರುತ್ತವೆ; ಲೋಹದ ನೆಲವೊಂದನ್ನೇ ಬೇಕೆಂದೇ ಬರಿದಾಗಿ ಬಿಡುವುದು. ಈ ಕೋಣೆ ಬಯಲಿನ ಪರೀಕ್ಷಾಸ್ಥಳದ ಬದಲಿ; ಅಲ್ಲಿ ಲೋಹದ ನೆಲದಿಂದ ಮರಳುವ ಅಲೆಯನ್ನು ಇಲ್ಲೂ ಉಳಿಸಿಕೊಳ್ಳಬೇಕು. ನೇರ ಅಲೆಯೂ ಮರಳಿದ ಅಲೆಯೂ ಕೂಡಿ ಅತಿ ಹೆಚ್ಚಾಗುವ ಎತ್ತರ ಹುಡುಕಲು ಆಂಟೆನಾ 1ರಿಂದ 4 ಮೀಟರ್‌ವರೆಗೆ ಏರಿಳಿಯುತ್ತದೆ. ‘ಬರಿನೆಲದ ಮಾರ್ದನಿಯಿಲ್ಲದ ಕೋಣೆ’ ಉದ್ದವಾದರೂ ತಪ್ಪುದಾರಿಗೆ ಎಳೆಯುವುದಿಲ್ಲ.

ಕರಡಿನಲ್ಲಿ ‘3 ಮೀಟರ್ ಕೋಣೆ’ ಎಂದೇನಾದರೂ ಇದ್ದರೆ ಅದನ್ನೂ ತಿದ್ದಿ. 3 ಮೀಟರ್ ಎಂಬುದು ಉಪಕರಣಕ್ಕೂ ಆಂಟೆನಾಕ್ಕೂ ಇರುವ ಅಂತರ, ಕೋಣೆಯ ಉದ್ದವಲ್ಲ. ಇಂಥ ಕೋಣೆ ಸಾಮಾನ್ಯವಾಗಿ 9 ಮೀಟರ್ ಉದ್ದ, 6 ಅಗಲ, 6 ಎತ್ತರದ ಆಸುಪಾಸಿನಲ್ಲಿರುತ್ತದೆ. ‘3 ಮೀಟರ್ ಅಳತೆದೂರದ ಕೋಣೆ’ ಎನ್ನಿ.

ಎಲ್ಲಕ್ಕಿಂತ ಅಪಾಯ ‘ನೆಲ’ದ್ದು. ಮೂಲದಲ್ಲಿ ‘ಗ್ರೌಂಡ್’ ಮೂರು ಅರ್ಥದಲ್ಲಿ ಬಂದಿರುತ್ತದೆ: ಕಾಲಿಡುವ ನೆಲ, ಅಲೆ ಮರಳಿಸುವ ಲೋಹನೆಲ, ವಿದ್ಯುತ್ತಿನ ಅರ್ಥ್. ತಗಡಿನ ಕೋಣೆಯನ್ನು ಕಟ್ಟಡದಿಂದ ನಿರೋಧಕ ಪದರ ಹಾಕಿ ಬೇರ್ಪಡಿಸಿ, ಫಿಲ್ಟರ್ ಫಲಕದ (ಒಳಬರುವ ವಿದ್ಯುತ್ ತಂತಿಯಲ್ಲಿನ ರೇಡಿಯೊ ಅಲೆ ಸೋಸುವಂಥದ್ದು) ಹತ್ತಿರ ಒಂದೇ ಕಡೆ ಅರ್ಥ್ ಕೊಡುವುದು ರೂಢಿ. ಅದನ್ನು ‘ನೆಲಕ್ಕೆ ಜೋಡಿಸಿ’ ಎಂದು ಬರೆದರೆ ಕೆಲಸಗಾರ ಕಾಂಕ್ರೀಟಿಗೆ ಬೋಲ್ಟ್ ಹೊಡೆಯುತ್ತಾನೆ. ಬೋಲ್ಟ್ ಒಳಗಿನ ಕಂಬಿಗೆ ತಾಗಿದರೆ ಎರಡನೆಯ ಅರ್ಥ್ ಆಯಿತು, ಕಟ್ಟಡದ ದಾರಿತಪ್ಪಿದ ಕರೆಂಟೆಲ್ಲ ತಗಡಿನಲ್ಲಿ ಸುತ್ತುತ್ತದೆ. ಹುಡುಕಿ ತೆಗೆಯುವುದು ತಲೆನೋವು.

‘ಸೋರಿಕೆ’ಗೂ ಇದೇ ಪಾಡು. ಬಾಗಿಲ ಸಂದಿನಲ್ಲಿ ಸೋರುವುದು ಅಲೆ: ಬಾಗಿಲಂಚಿನ ಸ್ಪ್ರಿಂಗಿನಂಥ ಬೆರಿಲಿಯಂ ತಾಮ್ರದ ಬೆರಳುಪಟ್ಟಿ ಮುರಿದಾಗ, ಕೊಳೆ ಕಟ್ಟಿದಾಗ. ಫಿಲ್ಟರಿನಲ್ಲಿ ಸೋರುವುದು ಕರೆಂಟು: ಕೆಪಾಸಿಟರ್ ಮೂಲಕ ಅರ್ಥ್‌ಗೆ ಹರಿಯುವುದು ಆಂಪಿಯರ್‌ಗಟ್ಟಲೆ ಆಗಬಹುದು, 30 ಮಿಲಿಆಂಪಿಯರ್‌ನ ಇಎಲ್‌ಸಿಬಿ (ಕರೆಂಟು ಸೋರಿದರೆ ವಿದ್ಯುತ್ ಕಡಿಯುವ ಸ್ವಿಚ್ಚು) ಕಡಿಯದೆ ನಿಲ್ಲುವುದೇ ಇಲ್ಲ. ಅದಕ್ಕೇ ಫಿಲ್ಟರಿಗೂ ಮೊದಲು, ಕಟ್ಟಡದ ವಿದ್ಯುತ್ತಿನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಡುವುದು. ‘ಅಲೆಸೋರಿಕೆ’, ‘ಸೋರುಕರೆಂಟು’ ಎಂದು ಬೇರ್ಪಡಿಸಿ.

‘ಪೋಷಕ ಕೋಣೆ’ ನಗು ತರಿಸುತ್ತದೆ. ಅದು ಪರೀಕ್ಷಾ ಕೋಣೆಯನ್ನು ಒಳಗಿಟ್ಟುಕೊಳ್ಳುವ ದೊಡ್ಡ ಕೋಣೆ, ‘ಹೊರಕೋಣೆ’ ಸಾಕು. ಅದರ ನೆಲ ಒಣಗಿರಬೇಕು, ಭಾರ ಹೊರಬೇಕು (6 ಮಿಲಿಮೀಟರ್ ಫೆರೈಟೇ ಚದರ ಮೀಟರಿಗೆ ಸುಮಾರು 30 ಕಿಲೊ), ಪರೀಕ್ಷೆಯ ಉಪಕರಣ ಇಡುವ ತಿರುಗುಮೇಜಿಗೆ ಗುಂಡಿ ಬೇಕು, ಸಂದು ಪರೀಕ್ಷಿಸಲು ಸುತ್ತ ಮನುಷ್ಯ ನುಸುಳುವಷ್ಟು ಜಾಗ ಬೇಕು.

ಮರುಪ್ರಶ್ನೆ: ‘ತಡೆಕೋಣೆ’ಯ ಬದಲು ‘ಕವಚಕೋಣೆ’? ಗಾಳಿಕಿಂಡಿಯ ‘ಹನಿಕೋಂಬ್’ಗೆ ‘ಜೇನುಗೂಡು’?

ಉತ್ತರ: ಕವಚ ಒಪ್ಪುತ್ತದೆ, ಸುತ್ತಲೂ ಮುಚ್ಚುವಂಥದ್ದು. ಗುರಾಣಿ ಬೇಡ, ಅದು ಒಂದೇ ಕಡೆಗೆ ಹಿಡಿಯುವುದು. ಜೇನುಗೂಡಿಗಿಂತ ‘ಎರಿ’ ನಿಖರ, ಆರುಮೂಲೆಯ ಕಣ್ಣುಗಳಿರುವುದು ಎರಿಯಲ್ಲಿ. ಒಂದೊಂದು ಕಣ್ಣೂ ಒಂದು ಅಲೆನಾಳ (ವೇವ್ ಗೈಡ್). ಗಾಳಿ ದಾಟುತ್ತದೆ, ನಾಳದ ಅಗಲಕ್ಕೆ ಹೋಲಿಸಿದರೆ ತೀರ ಉದ್ದದ ಅಲೆ ದಾಟುವುದಿಲ್ಲ. ದುಂಡು ನಾಳದ ಉದ್ದ ವ್ಯಾಸದ ನಾಲ್ಕರಷ್ಟಿದ್ದರೆ ಅಂಥ ಅಲೆಗೆ ಸುಮಾರು 128 ಡೆಸಿಬೆಲ್ ತಡೆ. ಈ ಭಾಗದಲ್ಲಿ ‘ನಾಳದೊಳಗೆ ಕೇಬಲ್ ಹಾಯಿಸಿ’ ಎಂದು ಬರೆಯಬೇಡಿ, ‘ಗಾಜಿನೆಳೆಯ ಕೇಬಲ್, ಒಳಗೆ ಲೋಹವಿಲ್ಲದ್ದು’ ಎಂದೇ ಬರೆಯಿರಿ. ಒಂದು ತಾಮ್ರದ ತಂತಿ ಹೊಕ್ಕರೂ ನಾಳ ಟಿವಿಗೆ ಬರುವಂಥ ಕೋಆಕ್ಸಿಯಲ್ ಕೇಬಲ್ಲಿನಂತಾಗಿ ಅಲೆಯೆಲ್ಲ ಸಲೀಸಾಗಿ ಒಳಬರುತ್ತದೆ.